ನಾಗರತ್ನಮ್ಮನ ತೊಡೆಯ ಗಂಟು

ಕಳೆದ ವಾರ ಮದನಪಲ್ಲಿಯಲ್ಲಿ ಒಂದು ಮದುವೆ ಮುಗಿಸಿಕೊಂಡು ಬರುತ್ತಿದ್ದೆವು. ಶ್ರೀನಿವಾಸಪುರದ ಮಾವಿನ ಮಂಡಿಗಳ ಹತ್ತಿರ ನಮ್ಮ ಕಾರು ನಿಂತುಬಿಟ್ಟಿತು. ಮುಂದೆ ಟ್ರ್ಯಾಕ್ಟರುಗಳು, ಪಕ್ಕದಲ್ಲಿ ಲಾರಿ, ಹಿಂದೆ ಮತ್ತೆ ಟ್ರ್ಯಾಕ್ಟರುಗಳು. ಗಂಡ ಕಿಟಕಿ ಇಳಿಸಿದರು. ಆಗತಾನೆ ಕಿತ್ತ ಕಾಯಿಯ ಸೊನೆ ಮತ್ತು ಒಣಹುಲ್ಲಿನ ವಾಸನೆ ಒಟ್ಟಿಗೆ ಒಳಗೆ ನುಗ್ಗಿತು. "ಅರ್ಧ ಗಂಟೆ ಇಲ್ಲೇ" ಎಂದು ಅವರು ಗೊಣಗಿ ನನ್ನ ಕಡೆ ತಿರುಗಿದವರು, "ಏನಾಯ್ತು ನಿಂಗೆ?" ಎಂದರು. ತೊಡೆಯ ಮೇಲಿದ್ದ ಕೈಚೀಲವನ್ನು ನಾನು ಎರಡೂ ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದೆ. ಉಗುರು ಬೆಳ್ಳಗಾಗಿತ್ತು.

ಆ ಜಾಗದಲ್ಲಿ ನಾನು ಹಾಗೆ ಸಿಕ್ಕಿಕೊಂಡದ್ದು ಅದೇ ಮೊದಲಲ್ಲ. ಕೆಲವು ವರ್ಷಗಳ ಹಿಂದೆ, ಇದೇ ಮಾವಿನ ಕಾಲದಲ್ಲಿ, ಇದೇ ರಸ್ತೆಯಲ್ಲಿ ನನ್ನ ಕೈಯ ಕೆಳಗೆ ಒಂದು ಜೀವ ಇತ್ತು.

ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಹಳ್ಳಿಯಲ್ಲಿ ಕೆಲಸ ಮಾಡಲೇಬೇಕೆಂಬ ಕರಾರಿನ ಮೇಲೆ ನನ್ನನ್ನು ಗೌನಿಪಲ್ಲಿಯ ಆಚೆ, ಆಂಧ್ರದ ಗಡಿಗೆ ಹತ್ತಿರದ ಒಂದು ಆರೋಗ್ಯ ಕೇಂದ್ರಕ್ಕೆ ಹಾಕಿದ್ದರು. ನಾನು ತುಮಕೂರಿನವಳು. ಅಲ್ಲಿ ಮನೆಯೊಳಗೆ ತೆಲುಗು, ಹೊರಗೆ ಕನ್ನಡ. ಸಿಟ್ಟು, ನೋವು, ಗುಟ್ಟು ಎಲ್ಲವೂ ತೆಲುಗಿನಲ್ಲೇ. ರೋಗಿಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವಾಗ ನಾನು ಮುಖ ನೋಡಿ ಅರ್ಥ ಮಾಡಿಕೊಳ್ಳಬೇಕಿತ್ತು. ಇರಲು ಕೊಟ್ಟದ್ದು ಶೀಟು ಹೊದಿಸಿದ ಒಂದು ಕೋಣೆ. ಅದರ ಒಂದೇ ಕಿಟಕಿ ಮಾವಿನ ತೋಪಿನ ಬೇಲಿಗೆ ಮುಖ ಮಾಡಿತ್ತು. ಬೆಳಿಗ್ಗೆ ಒಂಬತ್ತಕ್ಕೇ ಒಳಗೆ ಬಿಸಿ ಏರುತ್ತಿತ್ತು. ಜೊತೆಯವರೆಲ್ಲ ಬೆಂಗಳೂರಿನಲ್ಲಿ ಕೋಚಿಂಗ್ ಸೇರಿ ಮುಂದಿನ ಓದಿಗೆ ತಯಾರಾಗುತ್ತಿದ್ದರು. ನಾನು ಬೆವರಿನಲ್ಲಿ ಒದ್ದೆಯಾದ ಪುಸ್ತಕ ಹಿಡಿದು, ಈ ವರ್ಷ ಹೇಗಾದರೂ ಕಳೆದರೆ ಸಾಕು ಎನ್ನುತ್ತ ಕೂತಿರುತ್ತಿದ್ದೆ. ಊರಿಗೆ ಹೋಗಬೇಕೆಂದರೆ ರಜೆ ಇಲ್ಲ, ಬದಲಿಗೆ ಬೇರೆ ಡಾಕ್ಟರ್ ಇಲ್ಲ. ಯಾರೋ ಹೊರಗಿನಿಂದ ಚಿಲಕ ಹಾಕಿಕೊಂಡು ಹೋದ ಹಾಗೆ ಅನಿಸುತ್ತಿತ್ತು.

ನಾಗರತ್ನಮ್ಮ ಬಂದದ್ದು ಅಂಥ ಒಂದು ಬೆಳಿಗ್ಗೆ. ನಲವತ್ತರ ಆಸುಪಾಸಿನ ಸಣಕಲು ಹೆಂಗಸು. ಗಂಡ ನಾರಾಯಣಸ್ವಾಮಿಯ ಹೆಗಲು ಹಿಡಿದು, ಬಲಗಾಲು ಎಳೆಯುತ್ತ ಬಂದು ಬೆಂಚಿನ ಮೇಲೆ ಕೂತಳು. ಅವರದು ಪಕ್ಕದ ಹಳ್ಳಿ. ಸ್ವಲ್ಪ ರಾಗಿ, ಎರಡು ಹಸು, ಹಿಪ್ಪುನೇರಳೆ ತೋಟ, ರೇಷ್ಮೆ ಹುಳ.

"ಕೀವು ಕಟ್ಟಿದೆ ಮೇಡಂ," ಎಂದ ನಾರಾಯಣಸ್ವಾಮಿ. "ಒಂದು ಗಾಟು ಹಾಕಿ ಕುಯ್ದು ತೆಗ್ದುಬಿಡಿ. ಮನೇಲಿ ಹುಳ ಎದ್ದೈತೆ, ಬೇಗ ಹೋಗ್ಬೇಕು."

ಏನಾಯಿತೆಂದು ಕೇಳಿದೆ. ಕೆಲವು ವಾರಗಳ ಹಿಂದೆ ಸೊಪ್ಪಿನ ಹೊರೆ ತಲೆಯ ಮೇಲೆ ಹೊತ್ತು ಬರುವಾಗ ನಾಗರತ್ನಮ್ಮ ಜಾರಿ ಬಿದ್ದಿದ್ದಳು. ಹಿಪ್ಪುನೇರಳೆ ಕಡ್ಡಿಯನ್ನು ಓರೆಯಾಗಿ ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಮೋಟು ಈಟಿಯ ಮೊನೆಯಂತಿರುತ್ತದೆ. ಅದು ತೊಡೆಯ ಒಳಬದಿಗೆ, ತೊಡೆಸಂದಿನ ಸ್ವಲ್ಪ ಕೆಳಗೆ ಚುಚ್ಚಿತ್ತು. ರಕ್ತ ಬಹಳ ಹೋಯಿತಂತೆ. ಸೀರೆ ಸುತ್ತಿ ಬಿಗಿಯಾಗಿ ಕಟ್ಟಿದ ಮೇಲೆ ನಿಂತಿತು. ಯಾರೋ ಒಂದೆರಡು ಹೊಲಿಗೆ ಹಾಕಿದರು. ಗಾಯ ಮಾಗಿತು. ಆಮೇಲೆ ಅಲ್ಲೇ ಗಂಟು ಎದ್ದು ದಿನದಿನಕ್ಕೆ ದಪ್ಪವಾಗುತ್ತ ಬಂತು.

ಪರದೆ ಎಳೆದು ಅವಳನ್ನು ಮಲಗಿಸಿದೆವು. ಗಂಟು ನಿಂಬೆಹಣ್ಣಿಗಿಂತ ದೊಡ್ಡದಿತ್ತು, ಕೆಂಪಾಗಿತ್ತು, ಮುಟ್ಟಿದರೆ ಬಿಸಿ. ನೋಡಿದ ಯಾರಾದರೂ ಕೀವಿನ ಗಂಟು ಎಂದೇ ಹೇಳುತ್ತಿದ್ದರು. ನರ್ಸ್ ಶಾಹೀನ್ ಬ್ಲೇಡು, ಗಾಜ್ ಬಟ್ಟೆ, ಅರಿವಳಿಕೆಯ ಸೂಜಿ ಎಲ್ಲ ಟ್ರೇಯಲ್ಲಿ ಜೋಡಿಸಿ ತಂದರು. ಮೆದುವಾಗಿದೆಯೋ ಗಟ್ಟಿಯಿದೆಯೋ ನೋಡಲು ನಾನು ಅಂಗೈ ಇಟ್ಟೆ.

ಗಂಟು ನನ್ನ ಅಂಗೈಯನ್ನು ಎತ್ತಿತು. ಇಳಿಸಿತು. ಮತ್ತೆ ಎತ್ತಿತು.

ಎರಡು ಬೆರಳನ್ನು ಅದರ ಎರಡು ಬದಿಗೆ ಇಟ್ಟೆ. ಪ್ರತಿ ಮಿಡಿತಕ್ಕೂ ಬೆರಳುಗಳು ಒಂದರಿಂದೊಂದು ದೂರ ಸರಿಯುತ್ತಿದ್ದವು. ಸ್ಟೆತಸ್ಕೋಪ್ ಇಟ್ಟೆ. ಒಳಗಿನಿಂದ ತಿದಿ ಒತ್ತಿದಂಥ ಸದ್ದು ಬರುತ್ತಿತ್ತು. ಹುಸ್, ಹುಸ್, ಹುಸ್. ಅವಳ ಪಾದದ ನಾಡಿ ಹುಡುಕಿದೆ. ಎಡಗಾಲಿನಲ್ಲಿ ಚೆನ್ನಾಗಿತ್ತು, ಬಲಗಾಲಿನಲ್ಲಿ ಎಷ್ಟೋ ಹೊತ್ತು ಹುಡುಕಿದ ಮೇಲೆ ಸಿಕ್ಕಿತು.

"ಸಿಸ್ಟರ್, ಬ್ಲೇಡ್ ತಗೊಂಡು ಹೋಗಿ," ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿತು.

ಅದು ಕೀವಲ್ಲ. ಮೋಟು ಚುಚ್ಚಿದಾಗ ಕಾಲಿಗೆ ರಕ್ತ ಒಯ್ಯುವ ದೊಡ್ಡ ನಾಳ ತೂತಾಗಿತ್ತು. ಅಲ್ಲಿಂದ ಹೊರಬಿದ್ದ ರಕ್ತವನ್ನು ಸುತ್ತಲಿನ ಮಾಂಸವೇ ಕಟ್ಟಿ ನಿಲ್ಲಿಸಿತ್ತು. ಹೃದಯ ಒಮ್ಮೆ ಬಡಿದಾಗ ಒಂದಿಷ್ಟು ರಕ್ತ ತೂತಿನಿಂದ ಆ ಗಂಟಿನೊಳಗೆ ನುಗ್ಗುತ್ತದೆ, ಮತ್ತೆ ಹಿಂದಕ್ಕೆ ಬರುತ್ತದೆ. ಗಂಟಿಗೆ ನಾಳದ ಸ್ವಂತ ಗೋಡೆ ಇರುವುದಿಲ್ಲ. ಅದಕ್ಕೇ ಅದನ್ನು ಸೂಡೋ ಅನ್ಯೂರಿಸಂ ಎನ್ನುತ್ತಾರೆ, ಅಂದರೆ ನಾಳದ ಹುಸಿ ಉಬ್ಬು. ಓದಿದ್ದೆ, ಚಿತ್ರ ನೋಡಿದ್ದೆ. ಕೈಗೆ ಸಿಕ್ಕಿದ್ದು ಅದೇ ಮೊದಲು. ಅಲ್ಲಿ ಬ್ಲೇಡು ತಾಗಿಸಿದ್ದರೆ ಆ ಬೆಂಚಿನ ಮೇಲೆಯೇ ಎಲ್ಲ ಮುಗಿಯುತ್ತಿತ್ತು.

ಹೊರಗೆ ಬಂದು ನಾರಾಯಣಸ್ವಾಮಿಗೆ ಹೇಳಿದೆ. "ಇದನ್ನ ಯಾರೂ ಕುಯ್ಯಬಾರ್ದು. ಸೂಜಿನೂ ಚುಚ್ಚಬಾರ್ದು. ಕೋಲಾರಕ್ಕೆ ಕರ್ಕೊಂಡು ಹೋಗಿ ಸ್ಕ್ಯಾನ್ ಮಾಡಿಸ್ಬೇಕು."

"ಒಂದು ಗಂಟಿಗೆ ಕೋಲಾರನಾ?" ಎಂದು ಅವನು ನಕ್ಕ. "ಹೋದ ವರ್ಷ ಇದ್ದ ಡಾಕ್ಟ್ರು ಇಂಥಾವು ಎಷ್ಟೋ ಕುಯ್ದಿದ್ರು. ನಿಮಗೆ ಭಯ ಆದ್ರೆ ಹೇಳಿ, ಬೇರೆ ಕಡೆ ಹೋಗ್ತೀವಿ."

ಆ ಮಾತಿಗೆ ನನಗೆ ನಿಜಕ್ಕೂ ಭಯವಾಯಿತು. ಬೇರೆ ಕಡೆ ಯಾರಾದರೂ ಕುಯ್ದೇ ಬಿಟ್ಟರೆ? ಮಾರನೆಯ ದಿನ ನನಗೆ ಕೋಲಾರದಲ್ಲಿ ಮೀಟಿಂಗ್ ಇತ್ತು. ನಾನೂ ಜೊತೆಗೆ ಬರುತ್ತೇನೆ ಎಂದೆ. ನಾಗರತ್ನಮ್ಮ ಪರದೆಯ ಹಿಂದಿನಿಂದಲೇ, "ಅಮ್ಮ ಬರ್ತಾರಂತೆ ಅಲ್ವಾ, ಹೋಗಿ ಬರೋಣ," ಎಂದಳು. ಅವಳು ಆವತ್ತು ಆಡಿದ್ದು ಅದೊಂದೇ ಮಾತು.

ಕೋಲಾರದಲ್ಲಿ ಸ್ಕ್ಯಾನ್ ಮಾಡಿದವರು ಹಿರಿಯ ಡಾಕ್ಟರ್, ಹೆಂಗಸು. ಅದರಿಂದ ನಾಗರತ್ನಮ್ಮನಿಗೆ ಅರ್ಧ ಸಂಕೋಚ ಕಡಿಮೆಯಾಯಿತು. ತಣ್ಣನೆಯ ಜೆಲ್ ಹಚ್ಚಿ ತೊಡೆಯ ಮೇಲೆ ಸ್ಕ್ಯಾನಿನ ಕಡ್ಡಿ ಆಡಿಸುತ್ತಿದ್ದಂತೆ ಪರದೆಯ ಮೇಲೆ ಕಪ್ಪು ಗೋಲವೊಂದು ಮೂಡಿತು. ಬಣ್ಣದ ಗುಂಡಿ ಒತ್ತಿದರು. ಗೋಲದ ಅರ್ಧ ಕೆಂಪಾಯಿತು, ಅರ್ಧ ನೀಲಿಯಾಯಿತು, ಎರಡೂ ಒಂದರ ಹಿಂದೆ ಒಂದು ಸುತ್ತತೊಡಗಿದವು.

"ಅದೇನಮ್ಮ?" ಎಂದು ನಾಗರತ್ನಮ್ಮ ಕತ್ತೆತ್ತಿ ಕೇಳಿದಳು.

"ನಿಮ್ಮ ರಕ್ತ. ಕೆಂಪು ಒಳಗೆ ಹೋಗೋದು, ನೀಲಿ ವಾಪಸ್ ಬರೋದು," ಎಂದರು ಡಾಕ್ಟರ್.

"ಮುಂದಕ್ಕೆ ಹೋಗಕ್ಕೆ ದಾರಿ ಇಲ್ವಾ ಅದಕ್ಕೆ?"

"ಇಲ್ಲ. ಅಲ್ಲೇ ಸುತ್ತುತ್ತೆ."

ಅವಳು ಮತ್ತೆ ದಿಂಬಿಗೆ ತಲೆ ಇಟ್ಟು ಪರದೆಯನ್ನೇ ನೋಡುತ್ತ ಮಲಗಿದಳು. ನನಗೆ ಡಾಕ್ಟರ್ ಬೇರೆಯಾಗಿ ವಿವರಿಸಿದರು. ಆಂಜಿಯೋಗ್ರಾಂ ಸೂಜಿಯಿಂದ ಆಗುವ ಸಣ್ಣ ಗಂಟಾದರೆ ಸ್ಕ್ಯಾನಿನ ಕಡ್ಡಿಯಿಂದಲೇ ಒತ್ತಿ ಹಿಡಿದು ಮುಚ್ಚಿಸಬಹುದು, ಇಲ್ಲವೇ ಒಳಗೆ ರಕ್ತ ಹೆಪ್ಪುಗಟ್ಟಿಸುವ ಔಷಧ ಹಾಕಬಹುದು. ಇದು ಹಾಗಲ್ಲ. ನಾಳ ಹರಿದಿದೆ, ಗಂಟಿನ ಬಾಯಿ ಅಗಲ, ಮೇಲಿನ ಚರ್ಮ ತೆಳುವಾಗುತ್ತಿದೆ. ಆಪರೇಷನ್ನೇ ಆಗಬೇಕು.

ಸರ್ಜನ್ ನೋಡಿದರು. ಇವತ್ತೇ ಅಡ್ಮಿಟ್ ಆಗಿ ಎಂದರು. ನಾರಾಯಣಸ್ವಾಮಿ ಕೈಕಟ್ಟಿ ನಿಂತು ಕೇಳಿದ, "ಸಾರ್, ನಮಗೆ ತಿಳಿಯೋ ಹಂಗೆ ಹೇಳಿ. ಏನದು?"

"ರಕ್ತದ ಚೀಲ ಇದ್ದ ಹಾಗೆ ಕಣಪ್ಪ. ಯಾವಾಗ ಬೇಕಾದ್ರೂ ಒಡೀಬಹುದು."

ಚೀಲ ಎನ್ನುವ ಮಾತು ಕೇಳಿದ್ದೇ ನಾರಾಯಣಸ್ವಾಮಿಯ ಮುಖ ಬಿಳಿಚಿತು. ಅವನು ಹೆಂಡತಿಯ ಕಡೆಯೂ ನೋಡದೆ ಹೊರಗೆ ನಡೆದುಬಿಟ್ಟ. ನಾನು ಹಿಂದೆಯೇ ಹೋದೆ. ಆಸ್ಪತ್ರೆಯ ಗೇಟಿನ ಹತ್ತಿರ, ಬಿಸಿಲಲ್ಲಿ, ನೆಲ ನೋಡುತ್ತ ನಿಂತಿದ್ದ.

"ನಮ್ಮಣ್ಣನಿಗೂ ಹಿಂಗೇ ಅಂದಿದ್ರು," ಎಂದ. "ಎದೆ ನೋವು ಬಂತು, ಗ್ಯಾಸ್ ಅಂತ ಸುಮ್ನಿದ್ದ. ತಿಂಗಳಾದ್ಮೇಲೆ ಉಸಿರು ಕಟ್ಕೊಂಡು ಬೆಂಗ್ಳೂರಿಗೆ ಹಾಕ್ಕೊಂಡು ಹೋದ್ವಿ. ಗುಂಡಿಗೆ ಗೋಡೆ ಹರಿದೈತೆ, ಪಕ್ಕದಲ್ಲಿ ಚೀಲ ಆಗೈತೆ ಅಂದ್ರು. ಆಪರೇಷನ್ ಅಂದ್ರು. ನಗ್ತಾನೇ ಒಳಗೆ ಹೋದ ಮೇಡಂ. ಈಚೆ ಬರ್ಲೇ ಇಲ್ಲ. ಸೈನ್ ಹಾಕಿದ್ದು ನಾನು."

ಅವನ ಅಣ್ಣನಿಗೆ ಆದದ್ದೂ ಇದೇ ಜಾತಿಯದು. ಹೃದಯಾಘಾತದಿಂದ ಸತ್ತ ಸ್ನಾಯು ಹರಿದು, ಹೃದಯದ ಹೊರಗಿನ ತೆಳು ಪೊರೆಯೊಂದೇ ರಕ್ತವನ್ನು ತಡೆದು ಹಿಡಿದಿರುತ್ತದೆ. ಅಲ್ಲಿ ಆಪರೇಷನ್ ಮಾಡುವುದು ಬಹಳ ಕಷ್ಟದ ಕೆಲಸ. ಕಾಲಿನದು ಬೇರೆ. ಮೇಲೆ ಕೆಳಗೆ ನಾಳವನ್ನು ಕಟ್ಟಿ ಹಿಡಿದು ಸರಿಮಾಡಬಹುದು. ಅದನ್ನೇ ಹೇಳಿದೆ.

"ಗ್ಯಾರಂಟಿ ಕೊಡ್ತೀರಾ?"

"ಇಲ್ಲ. ಆಪರೇಷನ್ ಮಾಡಿದ್ರೆ ಉಳಿಯೋ ಸಾಧ್ಯತೆ ಹೆಚ್ಚು. ಬಿಟ್ರೆ ಅದು ಒಡಿಯತ್ತೆ. ಇಷ್ಟು ಮಾತ್ರ ಹೇಳಬಲ್ಲೆ."

ನಾವು ಒಳಗೆ ಬರುವ ಹೊತ್ತಿಗೆ ನಾಗರತ್ನಮ್ಮ ಚಪ್ಪಲಿ ಹಾಕಿಕೊಂಡು ಸಿದ್ಧಳಾಗಿ ಕೂತಿದ್ದಳು. ಹೋಗೋಣ ಎಂದಳು. ನಾನು ಬೈದೆ. ಅವಳು ತಾಳ್ಮೆಯಿಂದ, ಮಗುವಿಗೆ ಹೇಳುವಂತೆ ಹೇಳಿದಳು.

"ಹುಳ ನಾಲ್ಕನೇ ಜ್ವರ ಎದ್ದೈತಮ್ಮ. ಇನ್ನು ಹಣ್ಣಾಗೋವರೆಗೂ ಹಗಲೂ ರಾತ್ರಿ ತಿಂತಾವೆ. ಸೊಪ್ಪು ಹಾಕೋರು ಯಾರು? ಇವ್ರು ಕುಯ್ದು ತರ್ಬೇಕು, ನಾನು ಹಾಕ್ಬೇಕು. ವಾರಗಿತ್ತಿ ಒಬ್ಳೇ ಏನ್ ಮಾಡ್ತಾಳೆ? ಗೂಡು ಕಟ್ಟಿಬಿಡ್ಲಿ. ಮಾರನೇ ದಿನ ಬರ್ತೀನಿ. ನಿಮ್ಮಾಣೆ."

ಹುಳ ಪೊರೆ ಬಿಡಲು ಸುಮ್ಮನೆ ಕೂರುವುದನ್ನು ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕಡೆಯದು. ಅದು ಎದ್ದ ಮೇಲೆ ಹುಳ ಉಣ್ಣುವ ಸೊಪ್ಪಿಗೆ ಲೆಕ್ಕವಿಲ್ಲ. ಇವೆಲ್ಲ ನಾನು ಆ ವಾರದಲ್ಲಿ ಕಲಿತೆ. ಗಂಡನಿಗೆ ಆಪರೇಷನ್ನಿನ ಭಯ, ಹೆಂಡತಿಗೆ ಹುಳದ ಚಿಂತೆ. ಇಬ್ಬರೂ ಒಂದೇ ಮಾತಿಗೆ ಬಂದು ನಿಂತಾಗ ನಾನು ಮಾಡುವಂಥದ್ದು ಏನೂ ಉಳಿಯಲಿಲ್ಲ. ಸರ್ಜನ್ ತಮ್ಮ ಫೋನ್ ನಂಬರ್ ನನಗೆ ಕೊಟ್ಟರು. "ಒಡೆದ್ರೆ ಗಂಟಿನ ಮೇಲೆ ಒತ್ತೋದಷ್ಟೇ ಸಾಲಲ್ಲ. ತೊಡೆಸಂದಿನಲ್ಲಿ, ಮೂಳೆಗೆ ಸೇರಿಸಿ ನಾಳನ ಒತ್ತಿ ಹಿಡೀರಿ. ಇಲ್ಲಿಗೆ ಬರೋವರೆಗೂ ಬಿಡಬೇಡಿ," ಎಂದರು.

ಅಂದಿನಿಂದ ಪ್ರತಿ ಸಂಜೆ ಶಾಹೀನ್ ಅವರ ಸ್ಕೂಟರಿನಲ್ಲಿ ನಾವಿಬ್ಬರೂ ಅವಳ ಮನೆಗೆ ಹೋಗುತ್ತಿದ್ದೆವು. ಮನೆಗೆ ಅಂಟಿಕೊಂಡೇ ಹುಳದ ಮನೆ. ಬಿಸಿಗಾಳಿ ನುಗ್ಗದಂತೆ ಗೋಣಿತಾಟಿನ ಪರದೆ, ನೆಲಕ್ಕೆ ಸುಣ್ಣ, ತಟ್ಟೆಗಳ ತುಂಬ ಬೆರಳು ಗಾತ್ರದ ಬಿಳಿ ಹುಳಗಳು. ಸಾವಿರಾರು ಬಾಯಿ ಒಟ್ಟಿಗೆ ಸೊಪ್ಪು ಕಡಿಯುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಕೇಳುತ್ತಿತ್ತು. ನಾಗರತ್ನಮ್ಮನನ್ನು ಬಾಗಿಲ ಪಕ್ಕ ಮಂಚದ ಮೇಲೆ ಮಲಗಿಸಿ, ಏಳಕೂಡದು ಎಂದು ಕಟ್ಟಪ್ಪಣೆ ಮಾಡಿದ್ದೆ. ಅವಳು ಮಲಗಿದಲ್ಲಿಂದಲೇ ಕೂಗಿ ಹೇಳುತ್ತಿದ್ದಳು. "ಸುಬ್ಬಮ್ಮಕ್ಕ, ಆ ಮೂಲೆ ತಟ್ಟೆಗೆ ಸೊಪ್ಪು ಸಾಲ್ದು! ಒದ್ದೆ ಸೊಪ್ಪು ಹಾಕ್ಬೇಡ್ರೀ!" ಸುಬ್ಬಮ್ಮ ಅವಳ ವಾರಗಿತ್ತಿ, ತೀರಿಕೊಂಡ ಅಣ್ಣನ ಹೆಂಡತಿ. ಮಾತು ಕಡಿಮೆ. ತಲೆಗೆ ಸೆರಗು ಕಟ್ಟಿಕೊಂಡು ತಟ್ಟೆಯಿಂದ ತಟ್ಟೆಗೆ ಓಡಾಡುತ್ತಿದ್ದಳು.

ನಾನು ಗಂಟು ನೋಡುವಾಗ ನಾಗರತ್ನಮ್ಮ ನನ್ನ ಮುಖ ನೋಡುತ್ತಿದ್ದಳು. ಅದು ಬೆಳೆಯುತ್ತಲೇ ಇತ್ತು. ಮೇಲಿನ ಚರ್ಮ ಹೊಳೆಯತೊಡಗಿತ್ತು. "ಹೆಂಗೈತೆ?" ಎನ್ನುತ್ತಿದ್ದಳು. "ಇವತ್ತೇ ಹೋಗೋಣ," ಎನ್ನುತ್ತಿದ್ದೆ. "ಇನ್ನೇನು ಆಗೋಯ್ತು," ಎನ್ನುತ್ತಿದ್ದಳು.

ಒಂದು ಸಂಜೆ ಅವಳಿಗೆ ಅಳು ಬಂತು. "ಒಳಗೇ ಕೂತು ಬಾಗ್ಲು ತಟ್ಟುತ್ತಮ್ಮ ಅದು. ಕಣ್ಣು ಮುಚ್ಚಿದ್ರೆ ಸಾಕು, ಕಿವೀಲಿ ಕೇಳುತ್ತೆ. ಕೆಮ್ಮಕ್ಕೆ ಭಯ. ಕಕ್ಕಸ್ಸಿಗೆ ಕೂರಕ್ಕೆ ಭಯ. ಹಿಂಗೆ ಬದುಕೋದಾ?" ಅವಳ ಕೈ ಹಿಡಿದು ಕೂತೆ. ಅವಳಿಗೆ ಆ ಮಂಚ ಬಿಟ್ಟು ಏಳುವಂತಿಲ್ಲ, ನನಗೆ ಆ ಊರು ಬಿಟ್ಟು ಕದಲುವಂತಿಲ್ಲ. ರಾತ್ರಿ ಕೋಣೆಗೆ ಬಂದು ಪುಸ್ತಕ ತೆರೆದರೆ ಒಂದು ಪುಟವೂ ಮುಂದೆ ಹೋಗುತ್ತಿರಲಿಲ್ಲ. ಫೋನ್ ರಿಂಗಾದಾಗಲೆಲ್ಲ ಚಪ್ಪಲಿಗೆ ಕಾಲು ಹಾಕಿಯೇ ಎತ್ತುತ್ತಿದ್ದೆ.

ಹುಳ ಹಣ್ಣಾದವು. ಮೈಯೆಲ್ಲ ಹಳದಿ ಬಣ್ಣಕ್ಕೆ ತಿರುಗಿ, ಸೊಪ್ಪು ಬಿಟ್ಟು ತಲೆ ಎತ್ತಿ ಎಳೆ ಬಿಡಲು ಜಾಗ ಹುಡುಕುವ ಹೊತ್ತು ಅದು. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಗೂಡು ಕೆಡುತ್ತದೆ. ಬೆಳಿಗ್ಗೆಯಿಂದ ಅಕ್ಕಪಕ್ಕದವರೂ ಬಂದು ಕೈ ಹಾಕಿದ್ದರಂತೆ. ಎಲ್ಲರೂ ಓಡಾಡುವಾಗ ನಾಗರತ್ನಮ್ಮನಿಗೆ ಮಲಗಿರಲು ಮನಸ್ಸು ಬರಲಿಲ್ಲ. ಯಾರೂ ನೋಡದಾಗ ಎದ್ದಳು. ಗೋಡೆಗೆ ಒರಗಿಸಿದ್ದ ಒಂದು ಚಂದ್ರಿಕೆ ಎತ್ತಲು ಬಗ್ಗಿದಳು.

ನನಗೆ ಫೋನ್ ಬಂದಾಗ ನಾನು ಮಕ್ಕಳಿಗೆ ಲಸಿಕೆ ಹಾಕಿಸುತ್ತಿದ್ದೆ. ಸುಬ್ಬಮ್ಮ ಒಂದೇ ಮಾತು ಹೇಳಿದಳು. "ಒಡೀತು."

ಆಂಬುಲೆನ್ಸು ಅದೃಷ್ಟಕ್ಕೆ ನಮ್ಮ ಆಸ್ಪತ್ರೆಯ ಎದುರೇ ಇತ್ತು. ನಾವು ಹೋಗುವ ಹೊತ್ತಿಗೆ ಹುಳದ ಮನೆಯ ಸುಣ್ಣದ ನೆಲ ಕೆಂಪಾಗಿತ್ತು. ಸುಬ್ಬಮ್ಮ ತನ್ನ ಸೆರಗನ್ನು ಮುದ್ದೆ ಮಾಡಿ ಗಾಯಕ್ಕೆ ಇಟ್ಟು, ಅದರ ಮೇಲೆ ಮೊಣಕಾಲೂರಿ ಕೂತಿದ್ದಳು. ನಾರಾಯಣಸ್ವಾಮಿ ಗೋಡೆ ಹಿಡಿದು ನಿಂತಿದ್ದ. ನಾನು ತೊಡೆಸಂದಿಗೆ ಎರಡೂ ಹೆಬ್ಬೆರಳು ಇಟ್ಟು, ನನ್ನ ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿದೆ. ಸರಿಯಾದ ಜಾಗ ಸಿಗಲು ಒಂದು ಗಳಿಗೆ ಬೇಕಾಯಿತು. ನಾಳ ಬೆರಳಿನ ಕೆಳಗೆ ಹಾವಿನಂತೆ ಜಾರಿತು, ಆಮೇಲೆ ಮೂಳೆಗೆ ಸಿಕ್ಕಿಕೊಂಡಿತು. ರಕ್ತ ನಿಂತಿತು.

ಹಾಗೆ ಒತ್ತಿ ಹಿಡಿದೇ ಅವಳನ್ನು ಎತ್ತಿದರು, ಹಾಗೆ ಒತ್ತಿ ಹಿಡಿದೇ ನಾನು ಗಾಡಿ ಹತ್ತಿದೆ. ಶಾಹೀನ್ ಎರಡೂ ಕೈಗೆ ಡ್ರಿಪ್ ಹಾಕಿ, ಸರ್ಜನ್‌ಗೆ ಫೋನ್ ಮಾಡಿ ನನ್ನ ಕಿವಿಗೆ ಹಿಡಿದರು. "ಥಿಯೇಟರ್ ರೆಡಿ ಮಾಡ್ತೀನಿ, ಬನ್ನಿ," ಎಂದರು ಅವರು. ನಾರಾಯಣಸ್ವಾಮಿ ಹೆಂಡತಿಯ ತಲೆಯ ಹತ್ತಿರ ಕೂತ. ನಾನು ಗಾಡಿಯ ನೆಲದ ಮೇಲೆ ಮೊಣಕಾಲೂರಿದ್ದೆ. ತಿರುವು ಬಂದಾಗಲೆಲ್ಲ ಸ್ಟ್ರೆಚರಿನ ಕಬ್ಬಿಣ ಪಕ್ಕೆಗೆ ಹೊಡೆಯುತ್ತಿತ್ತು.

ನಾಗರತ್ನಮ್ಮನಿಗೆ ಎಚ್ಚರವಿತ್ತು. ಕನ್ನಡ ಬಿಟ್ಟುಹೋಗಿತ್ತು. "ಅಮ್ಮಾ, ಚಚ್ಚಿಪೋತಾನಾ?" ಎಂದಳು. ಸತ್ತುಹೋಗ್ತೀನಾ ಎಂದು.

"ಲೇದು," ಎಂದೆ. ಇಲ್ಲ ಎನ್ನುವುದಕ್ಕೆ ನನಗೆ ಗೊತ್ತಿದ್ದ ತೆಲುಗು ಅದೊಂದೇ. ಅವಳು ಮತ್ತೆ ಮತ್ತೆ ಕೇಳಿದಳು. ನಾನು ಮತ್ತೆ ಮತ್ತೆ ಲೇದು ಎಂದೆ.

ಶ್ರೀನಿವಾಸಪುರದ ಮಂಡಿಗಳ ಹತ್ತಿರ ಗಾಡಿ ನಿಂತಿತು.

ಸುಗ್ಗಿಯ ನಡುಮಧ್ಯಾಹ್ನ. ಕಾಯಿ ತುಂಬಿದ ಟ್ರ್ಯಾಕ್ಟರುಗಳು ರಸ್ತೆಯ ಎರಡೂ ಬದಿ ನಿಂತಿದ್ದವು. ನಡುವೆ ಒಂದು ಲಾರಿ ಹಿಂದಕ್ಕೂ ಬಾರದೆ ಮುಂದಕ್ಕೂ ಹೋಗದೆ ಅಡ್ಡಲಾಗಿ ಸಿಕ್ಕಿಹಾಕಿಕೊಂಡಿತ್ತು. ಸೈರನ್ ಹೊಡೆದುಕೊಳ್ಳುತ್ತಲೇ ಇತ್ತು. ಒಳಗೆ ಬಿಸಿಯ ಜೊತೆಗೆ ರಕ್ತ, ಸ್ಪಿರಿಟ್, ಮಾವಿನ ಸೊನೆ ಎಲ್ಲ ಬೆರೆತ ವಾಸನೆ. ನನ್ನ ಕೈ ಆಗಲೇ ನನ್ನದಲ್ಲ ಎಂಬಂತಾಗಿತ್ತು. ಹೆಬ್ಬೆರಳಿಂದ ಭುಜದವರೆಗೆ ಜೋಮು. ಶಾಹೀನ್ ಅದನ್ನು ಕಂಡು, "ಮೇಡಂ, ಸ್ವಲ್ಪ ಹೊತ್ತು ನಾನು ಹಿಡಿಯಲಾ?" ಎಂದರು. ಒಂದು ಸಲ ಪ್ರಯತ್ನಿಸಿದೆವು. ನನ್ನ ಬೆರಳು ಸಡಿಲವಾಗಿ ಅವರ ಬೆರಳು ಊರುವಷ್ಟರಲ್ಲಿ ಬೆಚ್ಚನೆಯ ರಕ್ತ ನನ್ನ ಕತ್ತಿಗೇ ಚಿಮ್ಮಿತು. ಮತ್ತೆ ಒತ್ತಿ ಹಿಡಿದೆ. ಆಮೇಲೆ ಆ ಮಾತು ಎತ್ತಲಿಲ್ಲ. ಅವಳ ಪ್ರಾಣ ನನ್ನ ಬೆರಳಿಗೆ ಸಿಕ್ಕಿಕೊಂಡಿತ್ತು, ನಾನು ಅವಳ ಮೈಗೆ. ಗಾಡಿ ಆ ರಸ್ತೆಗೆ.

"ಯಾಕೆ ನಿಂತೈತೆ?" ಎಂದ ನಾರಾಯಣಸ್ವಾಮಿ. ಅಷ್ಟು ಹೊತ್ತಿನಲ್ಲಿ ಅವನು ಆಡಿದ ಮೊದಲ ಮಾತು. ಡ್ರೈವರ್ ತಿರುಗಿ, "ದಾರಿ ಇಲ್ಲಣ್ಣ," ಎಂದ.

ನಾರಾಯಣಸ್ವಾಮಿ ಹೆಂಡತಿಯ ಮುಖ ನೋಡಿದ. ಹಿಂದಿನ ಬಾಗಿಲು ತೆರೆದು ಹಾರಿದ.

ಮುಂದಿನದನ್ನು ನಾನು ಕಿವಿಯಿಂದ ಮಾತ್ರ ಬಲ್ಲೆ. ಅವನು ಕನ್ನಡ, ತೆಲುಗು ಎರಡರಲ್ಲೂ ಕೂಗುತ್ತಿದ್ದ. "ಲೇ, ತೆಗೀರೋ ಗಾಡಿ! ನನ್ ಹೆಂಡ್ತಿ ಸಾಯ್ತಾವ್ಳೆ ಒಳಗೆ! ಅಣ್ಣಾ, ಕೈ ಮುಗೀತೀನಿ, ಕೈ ಹಾಕ್ರಣ್ಣಾ!" ಮಂಡಿಯ ಹಮಾಲರು ಓಡಿಬಂದ ಸದ್ದು ಕೇಳಿತು. ಯಾರೋ ಐಸಾ ಎಂದರು, ಎಲ್ಲರೂ ಐಸಾ ಎಂದರು. ಒಂದು ಟ್ರ್ಯಾಕ್ಟರಿನ ಟ್ರೈಲರನ್ನು ತುಂಬಿದ ಕಾಯಿಯ ಸಮೇತ ರಸ್ತೆ ಬದಿಯ ಚರಂಡಿಗೇ ತಳ್ಳಿದರೆಂದು ಆಮೇಲೆ ಡ್ರೈವರ್ ಹೇಳಿದ. ರಸ್ತೆಯ ಮೇಲೆ ಮಾವಿನಕಾಯಿ ಉರುಳಿದವು. ನಮ್ಮ ಗಾಡಿ ಅವುಗಳ ಮೇಲೆಯೇ ಹೋಯಿತು. ಚಕ್ರದ ಕೆಳಗೆ ಅವು ಪಚಕ್ ಪಚಕ್ ಎನ್ನುವುದು ಕೇಳುತ್ತಿತ್ತು. ಓಡುತ್ತಿದ್ದ ಗಾಡಿಗೆ ನಾರಾಯಣಸ್ವಾಮಿ ಹತ್ತಿಕೊಂಡ. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ.

ಕೋಲಾರ ಸೇರುವಾಗ ನಾಗರತ್ನಮ್ಮ ಕೇಳುವುದನ್ನು ನಿಲ್ಲಿಸಿದ್ದಳು. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ನಾನು ಮಾತ್ರ ಲೇದು, ಲೇದು ಎನ್ನುತ್ತಲೇ ಇದ್ದೆನಂತೆ. ಅದು ನನಗೆ ನೆನಪಿಲ್ಲ, ಶಾಹೀನ್ ಹೇಳಿದ್ದು. ಆಪರೇಷನ್ ಮೇಜಿನವರೆಗೂ ನಾನು ಕೈ ಬಿಡಲಿಲ್ಲ. ಸರ್ಜನ್ ಗ್ಲೌಸ್ ಹಾಕಿದ ಕೈಯನ್ನು ನನ್ನ ಕೈಯ ಪಕ್ಕದಲ್ಲಿ ತೂರಿಸಿ, "ಸಿಕ್ಕಿತು. ಈಗ ಬಿಡಿ," ಎಂದರು.

ಬಿಡಲು ಆಗಲಿಲ್ಲ. ಬೆರಳು ತೆರೆಯಲೇ ಇಲ್ಲ. ಶಾಹೀನ್ ನನ್ನನ್ನು ಹೊರಗೆ ಕರೆದುಕೊಂಡು ಬಂದು, ನಲ್ಲಿಯ ಕೆಳಗೆ ನನ್ನ ಕೈ ಹಿಡಿದು, ಒಂದೊಂದೇ ಬೆರಳನ್ನು ಬಿಡಿಸಿದರು.

ನಾನೂ ನಾರಾಯಣಸ್ವಾಮಿಯೂ ಒಂದೇ ಬೆಂಚಿನ ಮೇಲೆ ಕೂತೆವು. ಈ ಸಲವೂ ಸಹಿ ಹಾಕಿದ್ದು ಅವನೇ. ಊರಿನಿಂದ ಸುಬ್ಬಮ್ಮನ ಫೋನ್ ಬಂತು. ಅಕ್ಕಪಕ್ಕದವರು ಸೇರಿ ಹುಳವನ್ನೆಲ್ಲ ಚಂದ್ರಿಕೆಗೆ ಬಿಟ್ಟಾಯಿತೆಂದು ಹೇಳಿದಳು. "ಹುಳದ ಮಾತು ಆಮೇಲೆ ಅತ್ಗೆ," ಎಂದು ಅವನು ಫೋನ್ ಇಟ್ಟುಬಿಟ್ಟ.

ಬಿಸಿಲು ಇಳಿದ ಮೇಲೆ ಸರ್ಜನ್ ಹೊರಗೆ ಬಂದರು. ಇನ್ನೊಂದು ಕಾಲಿನಿಂದ ರಕ್ತನಾಳದ ಒಂದು ತುಂಡು ತೆಗೆದು, ಹರಿದ ಜಾಗಕ್ಕೆ ಕೂಡಿಸಿ ಹೊಲಿದಿದ್ದರು. "ಪಾದ ಬೆಚ್ಚಗಾಗಿದೆ. ಕಾಲು ಉಳಿಯುತ್ತೆ," ಎಂದರು.

"ಅವ್ಳು?" ಎಂದ ನಾರಾಯಣಸ್ವಾಮಿ.

"ಅವಳೂ ಉಳೀತಾಳೆ ಕಣಪ್ಪ."

ಅವನು ಬೆಂಚಿನಿಂದ ಜಾರಿ ನೆಲದ ಮೇಲೆ ಕೂತು, ಮುಖ ಮುಚ್ಚಿಕೊಂಡು ಅತ್ತ. "ನಮ್ಮಣ್ಣ" ಎಂದಷ್ಟೇ ಕೇಳಿಸಿತು.

ಆಮೇಲೆ ಒಂದೆರಡು ಸಲ ನಾನು ಅವಳನ್ನು ವಾರ್ಡಿನಲ್ಲಿ ನೋಡಿಬಂದೆ. ಮೊದಲ ಸಲ ಮಾತಾಡಲು ತ್ರಾಣವಿರಲಿಲ್ಲ. ಎರಡನೆಯ ಸಲ ಹೋದಾಗ ಬೆಳಗಿನ ಹೊತ್ತು. ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆದಿದ್ದಳಂತೆ. ಹೊಲಿಗೆ ಒಣಗಿತ್ತು, ಪಾದದ ನಾಡಿ ಬೆರಳಿಟ್ಟ ಕೂಡಲೇ ಸಿಕ್ಕಿತು. ಗೂಡು ಚೆನ್ನಾಗಿ ಕಟ್ಟಿವೆ ಎಂದು ಗಂಡ ಹೇಳಿಹೋಗಿದ್ದ, ಅವಳನ್ನು ಕರೆದೊಯ್ಯಲು ಗಾಡಿ ತರಲು ಹೊರಟಿದ್ದ. ವಾರ್ಡಿನ ಡಾಕ್ಟರ್ ಅವತ್ತು ಡಿಸ್ಚಾರ್ಜ್ ಎಂದಿದ್ದರು.

ನಾನು ಖುಷಿಯಿಂದ, "ಇನ್ನೇನು, ಮನೆಗೆ ಹೊರಟ್ರಲ್ಲ," ಎಂದೆ.

ಅವಳು ಪಕ್ಕದ ಮಂಚದವರಿಗೆ ಕೇಳದಂತೆ ನನ್ನನ್ನು ಹತ್ತಿರ ಕರೆದಳು.

"ಅಮ್ಮ, ನೀವು ಹೇಳಿದ್ರೆ ಡಾಕ್ಟ್ರು ಕೇಳ್ತಾರೆ. ಇನ್ನೆರಡು ದಿನ ಇಲ್ಲೇ ಬಿಡಕ್ಕೆ ಹೇಳ್ತೀರಾ?"

"ಯಾಕೆ? ನೋವಿದ್ಯಾ?"

"ನೋವೇನಿಲ್ಲ." ಹೊದಿಕೆಯ ಅಂಚು ಸರಿಮಾಡಿದಳು. "ಮದುವೆ ಆದಾಗಿಂದ ಹಗಲೊತ್ತು ಮಲ್ಗಿದ್ದೇ ಇಲ್ಲಮ್ಮ ನಾನು. ಮನೇಲಿ ಮಲ್ಗಿದ್ದೆ, ಆದ್ರೆ ಅದು ಮಲ್ಗಿದ್ದಲ್ಲ. ಇಲ್ಲಿ ಯಾರೂ ಏಳು ಅನ್ನಲ್ಲ."

ಸರ್ಜನ್ ರೌಂಡ್ಸಿಗೆ ಬಂದಾಗ ಅವರನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವರು ನನ್ನ ಮುಖ ನೋಡಿದರು, ಅವಳ ಕಡೆ ನೋಡಿದರು, ಹಣೆ ಉಜ್ಜಿಕೊಂಡರು. "ಹೊಲಿಗೆ ಇನ್ನೊಂದು ಸಲ ನೋಡಬೇಕು, ಇರಲಿ," ಎಂದು ಗಟ್ಟಿಯಾಗಿ ಎಲ್ಲರಿಗೂ ಕೇಳುವಂತೆ ಹೇಳಿ ಮುಂದಿನ ಮಂಚಕ್ಕೆ ಹೋದರು.

ನಾನು ತಿರುಗಿ ಬರುವಷ್ಟರಲ್ಲಿ ನಾಗರತ್ನಮ್ಮ ನಿದ್ದೆ ಹೋಗಿದ್ದಳು, ಬಾಯಿ ಸ್ವಲ್ಪ ತೆರೆದುಕೊಂಡು, ಎರಡೂ ಕಾಲು ಚಾಚಿಕೊಂಡು.